ಬೀಗ ಯಾಕೆ ಹಾಕ್ತೀಯವ್ವಾ?

ಪುಣೆಯ ವಾಘೋಲಿ ಕಡೆ, ಕಟ್ಟಡದ ಸೈಟಿನ ತಗಡಿನ ಶೆಡ್ಡು. ಯಾದಗಿರಿ ಕಡೆಯಿಂದ ಬಂದ ತಾಯಿ, ಇಬ್ಬರು ಮಕ್ಕಳು. ಮಕ್ಕಳನ್ನು ಒಳಗೆ ಬಿಟ್ಟು ಹೊರಗಿಂದ ಬೀಗ ಹಾಕುತ್ತಾಳೆ ಅಂತ ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ದರು. ಮನೆ ನೋಡಲು ಬಂದ ಸಮಾಜ ಕಾರ್ಯಕರ್ತೆಗೆ ಕನ್ನಡ ಬರುವುದಿಲ್ಲ. ತಾಯಿಗೆ ಮರಾಠಿ ಅಷ್ಟಕ್ಕಷ್ಟೇ. ನಡುವೆ ನಿಂತು ಮಾತು ಹೇಳಲು ನಾನು ಹೋಗಿದ್ದೆ.

ಹಾಳೆಯಲ್ಲಿ ಆಗಲೇ ‘ನಿರ್ಲಕ್ಷ್ಯ’ ಅಂತ ಬರೆದಾಗಿತ್ತು. ಮುಂದಿನದೂ ತೀರ್ಮಾನವಾದ ಹಾಗಿತ್ತು: ತಾಯಿಗೆ ಬುದ್ಧಿಮಾತು, ಕೇಳದಿದ್ದರೆ ಮಕ್ಕಳು ಬಾಲಗೃಹಕ್ಕೆ. ಬೀಗ ಯಾಕೆ ಅಂತ ಮಾತ್ರ ಅಲ್ಲಿವರೆಗೆ ಯಾರೂ ಕೇಳಿರಲಿಲ್ಲ. ನಾನು ಕೇಳಿದೆ.

‘ಬೀಗ ಹಾಕಲಿಲ್ಲಂದ್ರ ಸಣ್ಣಾಂವ ಲಿಫ್ಟಿಗಂತ ತೋಡಿದ ಗುಂಡಿ ಕಡೀಗಿ ಹೋಗ್ತಾನ್ರೀ ಅಕ್ಕಾರ’ ಅಂದಳು.

ಒಳಗೆ ಮುಚ್ಚಿಟ್ಟ ನೀರಿನ ಕೊಡ, ಬಟ್ಟೆಯಲ್ಲಿ ಸುತ್ತಿದ ಎರಡು ರೊಟ್ಟಿ. ಪಕ್ಕದ ಶೆಡ್ಡಿನ ಅಜ್ಜಿ ಹತ್ತಿರ ಇನ್ನೊಂದು ಕೀಲಿ. ಇದು ನಿರ್ಲಕ್ಷ್ಯವಾ? ಬೀಗ ಹಾಕಿದ್ದು ಸರಿ ಅನ್ನುತ್ತಿಲ್ಲ. ತಗಡಿನ ಮನೆಗೆ ಬೆಂಕಿ ಬಿದ್ದರೆ ಏನು ಗತಿ ಅಂತ ನನಗೂ ಎದೆ ಝಲ್ಲೆಂದಿತು. ಆದರೆ ಆ ಮನೆಗೆ ಬೇಕಿದ್ದದ್ದು ಬುದ್ಧಿಮಾತಲ್ಲ, ಹಗಲು ಮಕ್ಕಳನ್ನು ನೋಡಿಕೊಳ್ಳುವ ಜಾಗ.

ಅದಕ್ಕೇ ಹೇಳುವುದು, ಮೊದಲು ಮನೆಯ ಅಗತ್ಯ ಕೇಳಿ, ಆಮೇಲೆ ಸೇವೆ ಬರೆಯಿರಿ. ಅಮೆರಿಕದ ಹಲವು ರಾಜ್ಯಗಳಲ್ಲಿ ಕುಟುಂಬದ ಕೊರತೆಯ ಜೊತೆಗೆ ಅದರ ಬಲವನ್ನೂ ಅಳೆದು, ಮುಖ್ಯವಾದ ಎರಡು ಮೂರು ಅಗತ್ಯಗಳ ಮೇಲೆ ಯೋಜನೆ ಮಾಡುತ್ತಾರೆ. ಕೆಲವು ತಿಂಗಳಾದ ಮೇಲೆ ಮತ್ತೆ ಅಳೆಯುತ್ತಾರೆ. ನಮ್ಮಲ್ಲೇನೂ ದಾರಿ ಇಲ್ಲ ಅಂತಲ್ಲ. 2015ರ ಬಾಲನ್ಯಾಯ ಕಾಯ್ದೆ ಮಕ್ಕಳನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಅನ್ನುತ್ತದೆ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣೆಯ ಯೋಜನೆ ಮಿಷನ್ ವಾತ್ಸಲ್ಯದಲ್ಲಿ, ಅರ್ಹತೆ ಇದ್ದರೆ, ಮಗು ಮನೆಯಲ್ಲೇ ಉಳಿಯಲು ತಿಂಗಳಿಗೆ 4,000 ರೂಪಾಯಿ ನೆರವಿದೆ. ಊರಿನ ರೇಷನ್ ಕಾರ್ಡು ಪುಣೆಯಲ್ಲೂ ನಡೆಯುತ್ತದೆ. ಇದು ಆ ತಾಯಿಗೆ ಗೊತ್ತೇ ಇರಲಿಲ್ಲ.

ಆಗ ಜಾರಿಯಲ್ಲಿದ್ದ ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಮಾತ್ರ ಇಲ್ಲಿ ಕೈಕೊಟ್ಟಿತು. 50ಕ್ಕಿಂತ ಜಾಸ್ತಿ ಹೆಂಗಸರು ಕೆಲಸ ಮಾಡುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಕೊಡಲೇಬೇಕು ಅನ್ನುತ್ತಿತ್ತು ಅದು. ಈ ಸೈಟಿನಲ್ಲಿ ಇದ್ದದ್ದು ಹದಿನೆಂಟು ಹೆಂಗಸರು. ಹದಿನೆಂಟು ಜನರ ಮಕ್ಕಳು ಮಕ್ಕಳಲ್ವಾ?

ಆ ಕಾರ್ಯಕರ್ತೆ ಒಳ್ಳೆಯ ಮನಸ್ಸಿನವರು. ಹಾಳೆ ತಿರುಗಿಸಿ ಬರೆದುಕೊಂಡರು: ಸಣ್ಣವನಿಗೆ ಅಂಗನವಾಡಿ, ಮಧ್ಯಾಹ್ನದ ಮೇಲೆ ಆ ಅಜ್ಜಿ, ರೇಷನ್. ಬೀಗ ತೆಗೆಸಿದ್ದು ಇದು, ಬೈಗುಳ ಅಲ್ಲ.

ಮೂರು ತಿಂಗಳಾದ ಮೇಲೆ ಮತ್ತೆ ಹೋದೆವು. ಬಾಗಿಲು ತೆರೆದಿತ್ತು. ಈಗ ದೊಡ್ಡ ಹುಡುಗಿಯ ಚಿಂತೆ. ತಮ್ಮನನ್ನು ನೋಡಿಕೊಳ್ಳುವ ಕೆಲಸ ತಪ್ಪಿ ಶಾಲೆಗೆ ಸೇರಿದ್ದಾಳೆ, ಮರಾಠಿ ಪಾಠ ತಲೆಗೆ ಹತ್ತುತ್ತಿಲ್ಲ. ಪುಣೆಯಲ್ಲಿರುವ ಕನ್ನಡದವರೇ, ಎರಡೂ ಭಾಷೆ ಬಲ್ಲವರು ಯಾರಾದರೂ ಸಂಜೆ ಏಳರ ಮೇಲೆ ಒಂದು ಗಂಟೆ ಅವಳ ಜೊತೆ ಕೂರುತ್ತೀರಾ? ಇನ್‌ಬಾಕ್ಸಿಗೆ ಬರೆಯಿರಿ.