ಬೆರಳಲ್ಲಿ 98, ಕಾಲಲ್ಲಿ?

ಕಡಿಮೆ ಖರ್ಚಿನ ಕ್ಯಾಮೆರಾದಿಂದ ಅಂಗಾಂಶದ, ಅಂದರೆ ಚರ್ಮ-ಮಾಂಸದ, ಆಮ್ಲಜನಕ ಅಳೆಯಬಹುದು ಎಂಬ ಲೇಖನ ಓದಿ ನಮ್ಮವ್ವನ ಕಾಲು ನೆನಪಾಯಿತು. ಸಕ್ಕರೆ ಕಾಯಿಲೆ, ಹಿಮ್ಮಡಿಯಲ್ಲಿ ಹುಣ್ಣು. ಡ್ರೆಸ್ಸಿಂಗ್‌ಗೆಂದು ಜಗಳೂರಿನಿಂದ ದಾವಣಗೆರೆಗೆ ಎಷ್ಟು ಸಲ ಬಸ್ ಹತ್ತಿದೆವೋ! ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಪ್ರತಿ ಸಲ ಶೇ 98 ಎಂದು, ಎಲ್ಲ ಸರಿಯಿದೆ ಎಂಬಂತೆ, ತೋರಿಸುತ್ತಿತ್ತು, ಗಾಯ ಮಾತ್ರ ಮಾಯುತ್ತಿರಲಿಲ್ಲ. ಅದು ಅಳೆಯುವುದು ಬೆರಳಿನ ಅಪಧಮನಿಯ (ಹೃದಯದಿಂದ ರಕ್ತ ತರುವ ನಾಳದ) ರಕ್ತದಲ್ಲಿನ ಆಮ್ಲಜನಕವನ್ನು. ಹಿಮ್ಮಡಿಗೆ ರಕ್ತ ತಲುಪುತ್ತಿದೆಯೋ ಇಲ್ಲವೋ ಅದಕ್ಕೆ ಗೊತ್ತಾಗದು.

ರಕ್ತದಲ್ಲಿ ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ 660 ನ್ಯಾನೋಮೀಟರ್‌ನ ಕೆಂಪು ಬೆಳಕನ್ನು ಕಡಿಮೆ ಹೀರುತ್ತದೆ, ಆಮ್ಲಜನಕ ಬಿಟ್ಟುಕೊಟ್ಟದ್ದು ಹೆಚ್ಚು ಹೀರುತ್ತದೆ; 940 ನ್ಯಾನೋಮೀಟರ್‌ನ ಅವಕೆಂಪು, ಅಂದರೆ ಕಣ್ಣಿಗೆ ಕಾಣದ, ಬೆಳಕಿನಲ್ಲಿ ಇದು ತಿರುವುಮುರುವು. ಆ ಕ್ಯಾಮೆರಾ ಈ ವ್ಯತ್ಯಾಸವನ್ನೇ ಇಡೀ ಪಾದದ ನಕ್ಷೆಯಾಗಿ ತೋರಿಸಿದರೆ ತಾಲೂಕು ಆಸ್ಪತ್ರೆಯಲ್ಲೇ ವಿಷಯ ತಿಳಿಯಬಹುದು. ಆದರೆ ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಕೂಡ ಬೆಳಕು ಹೀರುತ್ತದೆ. ಮೆಕ್ಕೆಜೋಳದ ಹೊಲದಲ್ಲಿ ದುಡಿದ ನಮ್ಮವರ ಕಪ್ಪು ಚರ್ಮದ ಮೇಲೆ, ಒಡೆದ ಹಿಮ್ಮಡಿಯ ಮೇಲೆ ಪರೀಕ್ಷಿಸಿಯೇ ಈ ಕ್ಯಾಮೆರಾವನ್ನು ತಯಾರಿಸುವವರು ಹೊರತರಲಿ.