ಸತ್ಯಾಂಶ: ಮೀನು ಖಾಲಿ ಮಾಡುತ್ತಿರುವುದು ನೀರುನಾಯಿಯಾ?

"ಕಾವೇರಿಯಲ್ಲಿ ಮೀನು ಕಡಿಮೆಯಾಗಲು ನೀರುನಾಯಿಗಳೇ ಕಾರಣ." ಬೆಂಗಳೂರಿನ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಬಂದ ಮೆಸೇಜ್ ಇದು. ನಿಜವಲ್ಲ.

ನೀರುನಾಯಿ ಮೀನು ತಿನ್ನುತ್ತದೆ, ಕೆಲವೊಮ್ಮೆ ಬಲೆಯನ್ನೂ ಹರಿಯುತ್ತದೆ. ಮೀನುಗಾರರ ಆ ಸಂಕಟವನ್ನು ಸುಮ್ನೆ ತಳ್ಳಿಹಾಕಬಾರದು. ಆದರೆ ಅದು ಏಡಿ, ಕಪ್ಪೆಗಳನ್ನೂ ತಿನ್ನುತ್ತದೆ. ದಡದ ಬಂಡೆ ಮೇಲಿನ ಅದರ ಹಿಕ್ಕೆಯನ್ನು ಬಗ್ಗಿ ನೋಡಿ: ಮೀನಿನ ಹುರುಪೆಯ ಜೊತೆ ಏಡಿ ಚಿಪ್ಪಿನ ಚೂರುಗಳೂ ಸಿಗುತ್ತವೆ. ನದಿಯ ಮೀನಿಗೆ ಜಾಸ್ತಿ ಪೆಟ್ಟು ಬೀಳುವುದು ಮರಳು ತೆಗೆಯುವುದರಿಂದ, ಕೊಳಚೆ ನೀರಿನಿಂದ, ಅಣೆಕಟ್ಟುಗಳಿಂದ, ಡೈನಮೈಟ್ ಸಿಡಿಸಿ ಮರಿಗಳನ್ನೂ ಬಿಡದೆ ಹಿಡಿಯುವುದರಿಂದ. ಮೀನೇ ಇಲ್ಲದ ಹೊಳೆಯಲ್ಲಿ ನೀರುನಾಯಿಯೂ ಬದುಕುವುದಿಲ್ಲ, ಅಲ್ವಾ?

ತುಂಗಭದ್ರೆಯಲ್ಲಿ 2015ರಲ್ಲೇ ಸುಮಾರು 34 ಕಿ.ಮೀ. ಉದ್ದದ ಹರಿವನ್ನು ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಗ್ರೂಪಿನಲ್ಲಿ ಇದನ್ನೂ ಹಂಚಿ.