ಪಾಸ್ಕ ಬತ್ತಿಯ ಮೇಣ ಎಲ್ಲಿಂದ ಬರಬೇಕು?

ಪಾಸ್ಕ, ಅಂದರೆ ಈಸ್ಟರ್ ಹಬ್ಬದ ಜಾಗರಣೆಯ ರಾತ್ರಿ ಚರ್ಚಿನ ದೀಪಗಳನ್ನೆಲ್ಲಾ ಆರಿಸುತ್ತಾರೆ. ಹೊರಗೆ ಹೊಸ ಬೆಂಕಿ ಹಚ್ಚಿ, ಅದರಿಂದ ಪಾಸ್ಕದ ದೊಡ್ಡ ಮೇಣದಬತ್ತಿ ಬೆಳಗಿಸಿ ಒಳಗೆ ತಂದ ಮೇಲೆ ಒಂದು ಉದ್ದನೆಯ ಸ್ತುತಿಗೀತೆ ಹಾಡುತ್ತಾರಲ್ಲ, ಅದರ ಲ್ಯಾಟಿನ್ ಮೂಲದಲ್ಲಿ ಜೇನುಹುಳಗಳ ಮಾತು ಬರುತ್ತದೆ. ಈ ಬತ್ತಿ ಜೇನುಹುಳಗಳ ದುಡಿಮೆಯಿಂದ ಆದದ್ದು, ತಾಯಿ ಜೇನು ಕೊಟ್ಟ ಮೇಣದಿಂದ ಉರಿಯುತ್ತಿದೆ ಅಂತ ದೇವರ ಮುಂದೆ ಹೇಳುವ ಮಾತು. ನಮಗೆ ವರ್ಷದಲ್ಲೇ ಅತಿ ದೊಡ್ಡ ರಾತ್ರಿ ಅದು. ಪ್ರಭು ಸಾವನ್ನು ಗೆದ್ದು ಎದ್ದ ರಾತ್ರಿ. ಅಂಥ ಹೊತ್ತಿನಲ್ಲಿ ಒಂದು ಸಣ್ಣ ಹುಳವನ್ನು ಮರೆಯದೆ ನೆನೆದ ಹಿರಿಯರ ಬಗ್ಗೆ ನನಗೆ ತುಂಬಾ ಗೌರವ.

ಕೊಡಗಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಪಾಸ್ಕಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದ ಆಸುಪಾಸಿನಲ್ಲೇ ಅಲ್ವಾ ನಮ್ಮ ತೋಟಗಳು ಹೂವಾಗುವುದು. ಹೂಮಳೆ ಬಿದ್ದು, ಇಲ್ಲದಿದ್ದರೆ ಸ್ಪ್ರಿಂಕ್ಲರ್ ಹಾಕಿ, ಎಂಟು ಹತ್ತು ದಿನ ಕಳೆದರೆ ಕಾಫಿ ಗಿಡದ ಒಂದೊಂದು ಕೊಂಬೆಯೂ ಬೆಳ್ಳಗಾಗುತ್ತದೆ. ಆ ಎರಡು ಮೂರು ದಿನ ಬೆಳಿಗ್ಗೆ ತೋಟದೊಳಗೆ ನಿಂತರೆ ಹೆಜ್ಜೇನು, ತುಡುವೆ, ಕೋಲುಜೇನು, ನಸರು ಎಲ್ಲಾ ಬಗೆಯ ಜೇನಿನ ಸದ್ದೂ ಒಟ್ಟಿಗೆ ಕೇಳುತ್ತದೆ. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟಬಲ್ಲದು. ರೊಬಸ್ಟಾ ಹಾಗಲ್ಲ, ಅದಕ್ಕೆ ಬೇರೆ ಗಿಡದ ಪರಾಗವೇ ಬೇಕು. ಅದನ್ನು ತಂದು ಕೊಡುವುದು ಗಾಳಿ ಮತ್ತು ಈ ಹುಳಗಳು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ ನಮ್ಮದು, ಅದರಲ್ಲೂ ರೊಬಸ್ಟಾನೇ ಜಾಸ್ತಿ. ನಮ್ಮ ಮಕ್ಕಳ ಫೀಸು, ಮನೆಯ ಸಾಲ, ಚರ್ಚಿಗೆ ಕೊಡುವ ಕಾಣಿಕೆ, ಇದರಲ್ಲೆಲ್ಲಾ ಜೇನುಹುಳದ ದುಡಿಮೆ ಸೇರಿದೆ.

ಆದರೆ ಇವತ್ತು ಅಂಗಡಿಯಲ್ಲಿ ಸಿಗುವ ಬಿಳಿ ಮೇಣದಬತ್ತಿ ಹೆಚ್ಚಾಗಿ ಪ್ಯಾರಾಫಿನ್. ಅದು ಪೆಟ್ರೋಲಿಯಂನಿಂದ ಬರುವುದು. ಎಲ್ಲಾ ಬತ್ತಿಯನ್ನೂ ಜೇನುಮೇಣದಲ್ಲೇ ಮಾಡಿ ಅಂತ ನಾನು ಹೇಳುತ್ತಿಲ್ಲ, ಅಷ್ಟು ಮೇಣ ಎಲ್ಲೂ ಇಲ್ಲ, ದುಬಾರಿ ಕೂಡ. ಪಾಸ್ಕದ ಆ ಒಂದು ಬತ್ತಿಯಾದರೂ ಕೊಡಗಿನ ಜೇನುಮೇಣದ್ದು ಆಗಬೇಕು ಅನ್ನುವುದು ನನ್ನ ಆಸೆ. ಜೇನಿಗೆ ಹೆಸರಾದ ಜಿಲ್ಲೆ ಇದು. ಸ್ವಾತಂತ್ರ್ಯಕ್ಕೂ ಮುಂಚೆಯೇ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಶುರುವಾಗಿತ್ತು. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ರೋಗ ದಕ್ಷಿಣ ಭಾರತಕ್ಕೆ ಬಂದು ತುಡುವೆ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ಮರಿಹುಳಗಳು ಅಲ್ಲೇ ಸತ್ತು, ನೀರು ತುಂಬಿದ ಚೀಲದ ಹಾಗೆ ಆಗಿಬಿಡುವ ರೋಗ ಅದು. ನಿಧಾನವಾಗಿ ಹುಳಗಳು ಚೇತರಿಸಿಕೊಂಡವು. ಈಗ ಅವಕ್ಕೆ ತೊಂದರೆ ನಮ್ಮಿಂದಲೇ.

ಹೆಜ್ಜೇನು ಎಲ್ಲೆಂದರಲ್ಲಿ ಕೂರುವುದಿಲ್ಲ. ಎತ್ತರದ ಮರ ಬೇಕು, ಅಗಲವಾಗಿ ಚಾಚಿದ ಗಟ್ಟಿ ಕೊಂಬೆ ಬೇಕು. ತುಡುವೆಗೆ ಹಳೇ ಮರದ ಪೊಟರೆ ಬೇಕು. ಅತ್ತಿ, ಹಲಸು, ನಂದಿ, ಹೊನ್ನೆ, ಬೀಟೆ ಇದ್ದ ತೋಟದಲ್ಲಿ ಎರಡಕ್ಕೂ ಜಾಗವಿತ್ತು. ಈಗ ಎಲ್ಲಿ ನೋಡಿದರೂ ಸಿಲ್ವರ್ ಓಕ್. ಆಸ್ಟ್ರೇಲಿಯಾದ ಮರ, ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಸುಲಭ, ಬೇಕಾದಾಗ ಕಡಿದು ಮಾರಬಹುದು. ಬೆಳೆಗಾರರನ್ನು ನಾನು ಬೈಯುವುದಿಲ್ಲ. ನಮ್ಮದೇ ಜಾಗದಲ್ಲಿ ನಾವೇ ಕಾಪಾಡಿದ ಬೀಟೆ, ಹೊನ್ನೆ ಕಡಿಯಲು ಎಷ್ಟು ಕಚೇರಿ ಅಲೆಯಬೇಕು, ಎಷ್ಟೋ ಜಾಗಗಳಲ್ಲಿ ಆ ಮರದ ಹಕ್ಕೇ ಸರ್ಕಾರದ್ದು ಅಂತಾರೆ. ಹಾಗಿರುವಾಗ ಕಾಡುಮರ ಬೆಳೆಸಿ ಅಂತ ಭಾಷಣ ಮಾಡಿದರೆ ಯಾರು ಕೇಳುತ್ತಾರೆ? ನಾನು ಕೇಳಿಕೊಳ್ಳುವುದು ಇಷ್ಟೇ. ಈಗಾಗಲೇ ನಿಂತಿರುವ ಅತ್ತಿ ಮರ, ಹೆಜ್ಜೇನು ವರ್ಷವರ್ಷವೂ ಹುಡುಕಿಕೊಂಡು ಬರುವ ಆ ಒಂದು ಮರ, ಅದನ್ನು ನೆರಳು ಜಾಸ್ತಿಯಾಯ್ತು ಅಂತ ಉರುಳಿಸಬೇಡಿ. ಹೂವಾಗುವ ವಾರದಲ್ಲಿ ತೋಟದಲ್ಲಿ ಯಾವ ಕೀಟನಾಶಕದ ಸ್ಪ್ರೇಯೂ ಬೇಡ.

ಇದೆಲ್ಲಾ ನಂಬಿಕೆಯ ವಿಷಯ ಹೇಗಾಗುತ್ತದೆ ಅಂತ ಕೆಲವರು ಕೇಳುತ್ತಾರೆ. ಒಮ್ಮೆ ಪೂಜೆ ಮುಗಿದು ಹೊರಗೆ ಬರುವಾಗ ನಮ್ಮ ಧರ್ಮಕೇಂದ್ರದ, ಅಂದರೆ ನಮ್ಮ ಚರ್ಚಿಗೆ ಸೇರಿದ ಹಿರಿಯರೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, “ಮರ, ಗುಡ್ಡ, ನದಿ ಅಂತ ಹೊರಟರೆ ಅದು ಪ್ರಕೃತಿ ಪೂಜೆ ಆಗಲ್ವಾ ಮಗಾ? ನಾವು ಪೂಜೆ ಮಾಡೋದು ಸೃಷ್ಟಿಯನ್ನಲ್ಲ, ಸೃಷ್ಟಿಕರ್ತನನ್ನ” ಅಂದರು. ಕಾಳಜಿಯಿಂದಲೇ ಹೇಳಿದರು. ಅವರ ಮಾತು ಸರಿಯೇ. ಬೈಬಲಿನ ಕೀರ್ತನೆ 121ರಲ್ಲೂ ಅದೇ ಇದೆ. ಕಣ್ಣೆತ್ತಿ ಬೆಟ್ಟಗಳ ಕಡೆ ನೋಡುವವನು ಕೊನೆಗೆ ಹೇಳುವುದು, ಸಹಾಯ ಬರುವುದು ಭೂಮಿ ಆಕಾಶ ಮಾಡಿದ ದೇವರಿಂದ ಅಂತ. ಆದರೆ ಅವನು ಮೊದಲು ಕಣ್ಣೆತ್ತಿ ಬೆಟ್ಟವನ್ನು ನೋಡಿದ ಅಲ್ವಾ? ಅಸ್ಸಿಸಿಯ ಸಂತ ಫ್ರಾನ್ಸಿಸರು ಸುಮಾರು 1225ರಲ್ಲಿ ಕಟ್ಟಿದ ಸ್ತುತಿಯೂ ಹೀಗೇ. ಸೂರ್ಯನನ್ನು ಅಣ್ಣ ಅಂತ, ನೀರನ್ನು ಅಕ್ಕ ಅಂತ ಕರೆದರು, ಸ್ತುತಿ ಮಾತ್ರ ಪೂರ್ತಿ ದೇವರಿಗೇ. ಅವರನ್ನು ಪರಿಸರದ ಪಾಲಕ ಸಂತ ಅಂತ 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಸಾರಿದರು. ಪ್ರೀತಿಸುವವರು ಕೈಯಾರೆ ಮಾಡಿಕೊಟ್ಟ ವಸ್ತುವನ್ನು ಹಾಳು ಮಾಡಿ, ಅವರ ಹೆಸರನ್ನು ಮಾತ್ರ ಹೊಗಳುತ್ತಾ ಕೂರಲು ನನ್ನಿಂದ ಆಗುವುದಿಲ್ಲ.

ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ಪತ್ರದಲ್ಲಿ ಆ ಸಂತರ ಬಗ್ಗೆ ಒಂದು ಮಾತು ಬರುತ್ತದೆ. ಮಠದ ತೋಟದಲ್ಲಿ ಒಂದು ಭಾಗವನ್ನು ಯಾರೂ ಮುಟ್ಟಬಾರದು, ಅಲ್ಲಿ ಕಾಡುಹೂಗಳು ತಮ್ಮಷ್ಟಕ್ಕೆ ಬೆಳೆಯಲಿ ಅಂತ ಫ್ರಾನ್ಸಿಸರು ಹೇಳುತ್ತಿದ್ದರಂತೆ. ಇದನ್ನು ಓದಿದಾಗ ನನಗೆ ತಕ್ಷಣ ನೆನಪಾಗಿದ್ದು ನಮ್ಮ ದೇವರಕಾಡು. ಕೊಡಗಿನಲ್ಲಿ 1,214 ದೇವರಕಾಡುಗಳಿವೆ ಅನ್ನುತ್ತದೆ ದಾಖಲೆ. ಊರಿಗೊಂದು ಕಾಡು, ಅಲ್ಲಿ ಕೊಡಲಿ ಹಾಕುವಂತಿಲ್ಲ. 1905ರಲ್ಲಿ 15,000 ಎಕರೆಗೂ ಮೀರಿ ಇದ್ದದ್ದು 1985ರ ಹೊತ್ತಿಗೆ ಸುಮಾರು 6,300 ಎಕರೆಗೆ ಇಳಿದಿತ್ತು. ಉಳಿದದ್ದನ್ನು ಉಳಿಸಿದ್ದು ನಮ್ಮ ನೆರೆಹೊರೆಯವರ ಭಕ್ತಿ. ಅವರ ದೇವರು ಬೇರೆ, ನಮ್ಮ ನಂಬಿಕೆ ಬೇರೆ, ಅದನ್ನು ಕಲಬೆರಕೆ ಮಾಡುವ ಅಗತ್ಯ ಯಾರಿಗೂ ಇಲ್ಲ. ಆದರೆ ದೇವರಿಗಾಗಿ ಒಂದಿಷ್ಟು ಜಾಗವನ್ನು ಹಾಗೇ ಬಿಡುವುದು ನಮ್ಮ ಸಂತರೂ ಕಲಿಸಿದ ಪಾಠ. ಚರ್ಚ್ ಕಾಂಪೌಂಡಿನ ಒಂದು ಮೂಲೆಯಾದರೂ ಹಾಗೆ ಬಿಡಬಹುದಲ್ಲ? ಇಂಟರ್‌ಲಾಕ್ ಇಟ್ಟಿಗೆ ಹಾಕದೆ, ಲಾನ್ ಮಾಡದೆ. ತುಂಬೆ ಬಂದರೆ ಬರಲಿ, ಹಾಗಂತ ಏನು ಬಂದರೂ ಸರಿ ಅಂತಲ್ಲ. ಲಂಟಾನ ಕಿತ್ತು ಬಿಸಾಡಿ, ಉಳಿದದ್ದನ್ನು ಬಿಡಿ.

ಇನ್ನೊಂದು ಮಾತೂ ನೆನಪಿಗೆ ಬರುತ್ತದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ಪಾರಾಗಿ ಬಂದ ಕ್ರೈಸ್ತರಿಗೆ ವಿರಾಜಪೇಟೆಯಲ್ಲಿ ಜಾಗ ಕೊಟ್ಟವರು ರಾಜ ದೊಡ್ಡ ವೀರರಾಜೇಂದ್ರರು. ಸಂತ ಅನ್ನಮ್ಮ ಚರ್ಚಿನ ಕಥೆ ಶುರುವಾಗುವುದೇ ಅಲ್ಲಿಂದ, 1792ರ ಕಾಲದಿಂದ. ಆಮೇಲೆ ಕರಾವಳಿಯಿಂದ, ಕೇರಳದಿಂದ, ತಮಿಳುನಾಡಿನಿಂದ ಕೆಲಸ ಹುಡುಕಿಕೊಂಡು ಬಂದವರು ಎಷ್ಟೋ ಮಂದಿ. ನಮಗೆಲ್ಲಾ ಈ ನೆಲ ಆಶ್ರಯ ಕೊಟ್ಟಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಗುಡ್ಡಗಳೇ ಜಾರಿ ಬಂದಾಗ, ಮರು ವರ್ಷ ತೋರ ಗ್ರಾಮದಲ್ಲಿ ಮತ್ತೆ ಕುಸಿದಾಗ, ಜಾತಿ ಮತ ಕೇಳದೆ ಎಲ್ಲರೂ ಅನ್ನ ಬೇಯಿಸಿ ಬಡಿಸಿದ್ದು ನಾವೇ ನೋಡಿದ್ದೇವೆ. ಮಳೆ ವಿಪರೀತ ಬಂದಿದ್ದು ನಿಜ. ಇಳಿಜಾರನ್ನು ಜೆಸಿಬಿಯಲ್ಲಿ ಕತ್ತರಿಸಿ ರಸ್ತೆ, ರೆಸಾರ್ಟ್, ಹೋಂಸ್ಟೇ ಮಾಡಿದ್ದೂ ನಿಜ. ಆ ಮಳೆಗಾಲದಲ್ಲಿ ನಾವು ಬೇಡಿಕೊಂಡ ಹಾಗೆ ಬೇರೆ ಯಾವಾಗಲೂ ಬೇಡಿಕೊಂಡಿಲ್ಲ. ಪ್ರಾರ್ಥನೆ ಮುಗಿಸಿ ಬಂದು ಮತ್ತೆ ಅದೇ ಇಳಿಜಾರು ಕತ್ತರಿಸಿದರೆ ಆ ಪ್ರಾರ್ಥನೆಗೆ ಏನು ಬೆಲೆ ಕೊಟ್ಟಂತಾಯ್ತು?

ಹಬ್ಬಗಳ ವಿಷಯಕ್ಕೂ ಬರುತ್ತೇನೆ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಹುಟ್ಟುಹಬ್ಬ, ನಮ್ಮ ಮನೆಗಳ ಮೊಂತಿ ಹಬ್ಬ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಅಮ್ಮನಿಗೆ ಹಾಕುತ್ತಾರೆ. ಬೇಲಿ ಸಾಲಿನಲ್ಲಿ, ಗದ್ದೆ ಬದಿಯಲ್ಲಿ ಹುಡುಕಿ ತಂದ ಹೂ ಇದ್ದರೇನೇ ಚೆಂದ. ದಯವಿಟ್ಟು ಪ್ಯಾಕೆಟ್ ಹೂ ಕೊಂಡು ಕೊಡಬೇಡಿ, ಮಗುವಿಗೆ ಸಿಗಬೇಕಾದ ಅರ್ಧ ಹಬ್ಬ ಆ ಹುಡುಕಾಟದಲ್ಲೇ ಇದೆ. ಅದೇ ಹಬ್ಬದಲ್ಲಿ ಮಾಡುವ ಹೊಸ ತೆನೆಯ ಆಶೀರ್ವಾದ ಕರಾವಳಿಯ ಲೆಕ್ಕದ್ದು. ಅಲ್ಲಿ ಆ ಹೊತ್ತಿಗೆ ತೆನೆ ಬಂದಿರುತ್ತದೆ. ನಮ್ಮ ಗದ್ದೆಗಳಲ್ಲಿ ಆಗಿನ್ನೂ ಹಸಿರು ಪೈರು, ಕೊಯ್ಲು ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಹೊತ್ತಿಗೆ. ಹಾಗಾಗಿ ತೆನೆ ಹೊರಗಿನಿಂದ ತರಿಸಬೇಕು. ತರಿಸೋಣ, ಅಜ್ಜ ಅಜ್ಜಿಯರ ಸಂಪ್ರದಾಯ ಬಿಡುವುದು ಬೇಡ. ಜೊತೆಗೆ ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ ನಮ್ಮದೇ ಗದ್ದೆಯ ಒಂದು ಹಿಡಿ ತೆನೆಯನ್ನೂ ಪೀಠದ ಮುಂದೆ ಇಡಬಹುದು. ಗದ್ದೆ ಮುಚ್ಚಿ ಸೈಟ್ ಮಾಡುತ್ತಿರುವ ಈ ಕಾಲದಲ್ಲಿ, ನಷ್ಟವಾದರೂ ಭತ್ತ ಬಿಡದ ಮನೆಯವರಿಗೆ ಅದು ದೊಡ್ಡ ಗೌರವ. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಕ್ರಿಸ್‌ಮಸ್ ಗೋದಲಿಗೆ ಥರ್ಮಾಕೋಲ್ ಬೇಡ, ಮರದ ಪಾಚಿ ಕೆರೆದು ತರುವುದೂ ಬೇಡ. ಟ್ರೇಯಲ್ಲಿ ರಾಗಿ ಚೆಲ್ಲಿದರೆ ವಾರದಲ್ಲಿ ಹಸಿರು ಬರುತ್ತದೆ.

ಯುವಕರ ಜೊತೆ ಬೆಟ್ಟ ಹತ್ತುವುದು ನನಗೆ ಇಷ್ಟದ ಕೆಲಸ. ತಡಿಯಂಡಮೋಳ್, ಕೊಡಗಿನ ಅತಿ ಎತ್ತರದ ಬೆಟ್ಟ, 1,748 ಮೀಟರ್. ಕಕ್ಕಬ್ಬೆಯಿಂದ ನಾಲ್ಕುನಾಡು ಅರಮನೆ ದಾಟಿ ಹತ್ತುತ್ತಾ ಹೋದರೆ ಮೇಲೆ ಬೆಟ್ಟದ ಕಣಿವೆಗಳ ಕುಳ್ಳು ಮರಗಳ ಶೋಲಾ ಕಾಡು, ಅದರಾಚೆ ಬರೀ ಹುಲ್ಲು, ಗಾಳಿ. ನಮ್ಮ ನಿಯಮ ಸುಲಭ. ಬ್ಲೂಟೂತ್ ಸ್ಪೀಕರ್ ಇಲ್ಲ, ನೀರು ಮನೆಯ ಬಾಟಲಿಯಲ್ಲಿ, ತಿಂಡಿ ಡಬ್ಬಿಯಲ್ಲಿ, ಬರುವಾಗ ಬೇರೆಯವರು ಬಿಟ್ಟ ಕಸವೂ ನಮ್ಮ ಚೀಲದಲ್ಲಿ. ಮೇಲೆ ಸುವಾರ್ತೆಯಿಂದ ಒಂದು ಭಾಗ ಓದಿ ಸುಮ್ನೆ ಕೂರುತ್ತೇವೆ. ಯೇಸು ಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು ಯಾರೂ ಇಲ್ಲದ ಜಾಗಕ್ಕೆ ಹೋಗಿ ಪ್ರಾರ್ಥಿಸಿದರು ಅಂತ ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಇದೆ. ಬೆಟ್ಟಕ್ಕೆ ಹೋದರೆ ಸಾಕು, ಭಾನುವಾರದ ಪೂಜೆ ಬೇಡ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ನಾವು ಶನಿವಾರವೇ ಹತ್ತುತ್ತೇವೆ. ಭಾನುವಾರ ಅದೇ ಹುಡುಗರು ಕಾಲು ನೋವಿನಲ್ಲೇ ಬಂದು ಹಾಡುತ್ತಾರೆ, ಆ ಹಾಡು ಬೇರೆಯೇ ಆಗಿರುತ್ತದೆ.

ಕೊನೆಗೆ ನಮ್ಮ ಧರ್ಮಕೇಂದ್ರದವರಿಗೆ ಒಂದು ಕೋರಿಕೆ. ನವೆಂಬರ್ 2, ಮೃತರ ಸ್ಮರಣೆಯ ದಿನ. ಮಳೆಗಾಲದಲ್ಲಿ ಸಮಾಧಿಗಳ ಸುತ್ತ ಸೊಂಟದೆತ್ತರ ಕಾಡು ಬೆಳೆದಿರುತ್ತದೆ. ಮೊದಲೆಲ್ಲಾ ಮನೆಮಂದಿ ಕತ್ತಿ, ಗುದ್ದಲಿ ಹಿಡಿದು ಬಂದು ತಮ್ಮವರ ಸಮಾಧಿ ಕ್ಲೀನ್ ಮಾಡುತ್ತಿದ್ದರು. ಈಗ ಕೆಲವು ಕಡೆ ವಾರ ಮುಂಚೆ ಕಳೆನಾಶಕ ಹೊಡೆದು ಎಲ್ಲವನ್ನೂ ಕೆಂಪಗೆ ಸುಟ್ಟುಬಿಡುತ್ತಾರೆ. ಆಳು ಸಿಗುವುದಿಲ್ಲ, ಕೂಲಿ ಜಾಸ್ತಿ, ನನಗೂ ಗೊತ್ತು. ಆದರೆ ಪುನರುತ್ಥಾನದ ನಿರೀಕ್ಷೆಯಲ್ಲಿ ನಮ್ಮ ಅಪ್ಪ ಅಮ್ಮನನ್ನು ಮಲಗಿಸಿದ ಮಣ್ಣಿಗೆ ವಿಷ ಹಾಕುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಈ ಸಲ ಅಕ್ಟೋಬರ್ ಕೊನೆಯ ಶನಿವಾರ ಬೆಳಿಗ್ಗೆ ಏಳಕ್ಕೆ ಯುವಕರು ಬರುತ್ತಾರೆ, ಹುಲ್ಲು ಕತ್ತರಿಸುವ ಮೆಷಿನ್ ನಾನು ತರುತ್ತೇನೆ, ಪೆಟ್ರೋಲ್ ಖರ್ಚು ನನ್ನದು. ಮನೆಗೊಬ್ಬರು ಬಂದರೆ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಕತ್ತಿ, ಕೈಗವಸು, ಗಂಬೂಟ್ ತನ್ನಿ. ಜಿಗಣೆ ಇರುತ್ತವೆ, ಸ್ವಲ್ಪ ಉಪ್ಪು ಇಟ್ಟುಕೊಳ್ಳಿ. ಊಟಕ್ಕೆ ಎಷ್ಟು ಜನ ಅಂತ ಲೆಕ್ಕ ಬೇಕು, ಬರುವವರು ಕೆಳಗೆ ಹೆಸರು ಹಾಕಿ.